ಮುಂದಿನ ಹಾಡು ಯಾವುದೆಂದು ಗೊತ್ತಿದ್ದ ಕಾಲ

ಮೊನ್ನೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಒಂದು ಹಳೆಯ ಭಾವಗೀತೆ ಕೇಳುತ್ತಿದ್ದೆ. ಹಾಡು ಮುಗಿಯಿತು. ಮುಗಿದ ಕೂಡಲೇ ತಲೆಯೊಳಗೆ ಇನ್ನೊಂದು ಹಾಡಿನ ಕೊಳಲು ಶುರುವಾಯಿತು. ಆದರೆ ಫೋನಿನಲ್ಲಿ ಬಂದದ್ದೇ ಬೇರೆ ಹಾಡು. ಅದೂ ಚೆನ್ನಾಗಿಯೇ ಇತ್ತು. ಆದರೂ ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟು ಎಡವಿದ ಹಾಗಾಯಿತು.

ಆ ಕೊಳಲು ಎಲ್ಲಿಂದ ಬಂತು ಅಂತ ಆಮೇಲೆ ಹೊಳೆಯಿತು. ನಮ್ಮ ಮನೆಯಲ್ಲಿದ್ದ ಒಂದು ಕ್ಯಾಸೆಟ್ಟಿನಿಂದ. ಅದರ ಎ ಸೈಡಿನಲ್ಲಿ ಈ ಹಾಡಾದ ಮೇಲೆ ಆ ಹಾಡು. ಅದನ್ನು ಕೇಳಿ 20 ವರ್ಷದ ಮೇಲಾಗಿದೆ. ಸಾಲು ಮಾತ್ರ ಮನಸ್ಸಿನಲ್ಲಿ ಹಾಗೇ ಉಳಿದಿದೆ.

ಇದು ನನಗೊಬ್ಬನಿಗೇ ಆಗುವುದಲ್ಲ. 2009ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಜೋಸೆಫ್ ರೌಶೆಕರ್ ಮತ್ತು ಸಂಗಡಿಗರು ಇದೇ ಅನುಭವವನ್ನು ಹಿಡಿದು ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಚೆನ್ನಾಗಿ ಪರಿಚಯವಿದ್ದ ಸಿ.ಡಿ.ಯ ಹಾಡುಗಳ ಕೊನೆಯ ಭಾಗವನ್ನು ಕೇಳಿಸಿದರು. ಆಮೇಲೆ ಕೆಲವು ಸೆಕೆಂಡು ಏನನ್ನೂ ಕೇಳಿಸಲಿಲ್ಲ. ಆ ಹೊತ್ತಿನಲ್ಲಿ ಅವರ ಮಿದುಳಿನಲ್ಲಿ ಏನಾಗುತ್ತಿದೆ ಅಂತ ಸ್ಕ್ಯಾನ್ ಮಾಡಿ ನೋಡಿದರು. ಕಿವಿಗೆ ಏನೂ ಬೀಳುತ್ತಿಲ್ಲ, ಆದರೂ ಮಿದುಳಿನ ಮುಂಭಾಗ ಚುರುಕಾಗಿತ್ತು. ಕೈಕಾಲಿನ ಚಲನೆಗಳನ್ನು ಒಂದಾದ ಮೇಲೊಂದು ಜೋಡಿಸುವ ಭಾಗವೂ ಅದರಲ್ಲಿ ಸೇರಿತ್ತು. ಜಡೆ ಹೆಣೆಯುವಾಗ, ರಂಗೋಲಿ ಎಳೆಯುವಾಗ ನಮ್ಮ ಕೈಗೆ ಮುಂದಿನ ಹೆಜ್ಜೆ ತಾನಾಗಿ ಬರುತ್ತದಲ್ವಾ? ಅಂಥ ಕೆಲಸಕ್ಕೆ ಬೇಕಾದ ಭಾಗವೇ ಹಾಡುಗಳ ಸಾಲನ್ನೂ ಮುಂದಕ್ಕೆ ನಡೆಸುತ್ತಿತ್ತು.

ಹಳೆಯ ವಾಕ್‌ಮನ್, ಹಳೆಯ ಐಪಾಡ್ ಅಂದ ಕೂಡಲೇ ಎಷ್ಟೋ ಜನರ ಮುಖ ಅರಳುತ್ತದೆ. ಕಾರಣ ಕೇಳಿದರೆ "ಆ ಕಾಲದ ಸೌಂಡೇ ಬೇರೆ" ಅನ್ನುತ್ತಾರೆ. ನನಗೂ ಆ ಪ್ರೀತಿ ಇದೆ. ಆದರೆ ಕಾರಣ ಸೌಂಡ್ ಅಂತ ನಾನು ಒಪ್ಪುವುದಿಲ್ಲ.

ಅಳತೆಗೆ ಇಳಿದರೆ ಹೊಸದೇ ಗೆಲ್ಲುತ್ತದೆ. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಅತಿ ಜೋರಿನ ಸದ್ದಿಗೂ ಹಿಂದೆ 'ಸ್ಸ್' ಅನ್ನುವ ರೀಲಿನದೇ ಸದ್ದಿಗೂ ನಡುವಿನ ಅಂತರ ಸುಮಾರು 50 ಡೆಸಿಬೆಲ್. ಸಿ.ಡಿ.ಯಲ್ಲಿ ಅದು 96. ಅದಕ್ಕೆ ಕ್ಯಾಸೆಟ್ಟನ್ನು ದೂರುವುದೂ ತಪ್ಪು. ಅದು ಎಂಥ ಇಕ್ಕಟ್ಟಿನಲ್ಲಿ ಕೆಲಸ ಮಾಡುತ್ತಿತ್ತು ನೋಡಿ. ಫಿಲಿಪ್ಸ್ ಕಂಪನಿಯ ಲೂ ಒಟೆನ್ಸ್ ಮತ್ತು ಅವರ ತಂಡ ಕ್ಯಾಸೆಟ್ಟನ್ನು ತಯಾರಿಸಿ 1963ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ತೋರಿಸಿದರು. ಜೇಬಿನಲ್ಲಿ ಹಿಡಿಯಬೇಕು ಅನ್ನುವುದು ಅವರ ಗುರಿ. ಹಾಗಾಗಿ ರೀಲಿನ ಅಗಲ 4 ಮಿಲಿಮೀಟರಿಗಿಂತ ಕಡಿಮೆ. ಸ್ಟೀರಿಯೊ ಬಂದ ಮೇಲೆ ಅಷ್ಟರಲ್ಲೇ ಎರಡು ಸೈಡಿನ ನಾಲ್ಕು ಪಟ್ಟಿಗಳು, ಒಂದೊಂದು ಸೈಡಿಗೆ ಎಡ–ಬಲ ಅಂತ ಎರಡು. ಓಟ ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ.

ಈಗ ಒಂದು ಸಣ್ಣ ಲೆಕ್ಕ. ತಾಳದ ಗೆಜ್ಜೆಯಂಥ ತೀಕ್ಷ್ಣ ನಾದದಲ್ಲಿ ಸೆಕೆಂಡಿಗೆ 15,000 ಸಲ ಕಂಪಿಸುವ ಅಂಶವೂ ಇರುತ್ತದೆ ಅಂದುಕೊಳ್ಳಿ. 4.76 ಸೆಂಟಿಮೀಟರ್ ರೀಲಿನಲ್ಲಿ 15,000 ಅಲೆಗಳು ಕೂರಬೇಕು. ಒಂದೊಂದು ಅಲೆಗೆ ಸಿಗುವ ಜಾಗ ಸುಮಾರು 3 ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು! ಇಷ್ಟು ಸಣ್ಣದನ್ನು ಓದಬೇಕಾದರೆ ಹೆಡ್ಡು, ಅಂದರೆ ರೀಲಿನಿಂದ ಹಾಡನ್ನು ಓದುವ ಭಾಗ, ರೀಲಿಗೆ ಅಂಟಿಕೊಂಡೇ ಇರಬೇಕು. ರೀಲಿನ ಮೇಲಿರುವ ಕಂದು ಪುಡಿ, ಅಂದರೆ ಕಬ್ಬಿಣದ ಆಕ್ಸೈಡ್, ಚೂರು ಹೆಡ್ಡಿಗೆ ಮೆತ್ತಿಕೊಂಡರೂ ಸಾಕು, ನಡುವೆ ಸಂದು ಬೀಳುತ್ತದೆ. ಮೊದಲು ಹೋಗುವುದು ಆ ಗೆಜ್ಜೆಯ ಸದ್ದೇ. ಹಾಡು ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ. ಆಗ ನಾವು ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಹೆಡ್ಡು ಒರೆಸುತ್ತಿದ್ದೆವು. ಹತ್ತಿ ಕಂದಾಗುತ್ತಿತ್ತು, ಹಾಡು ಮತ್ತೆ ಬೆಳಗುತ್ತಿತ್ತು.

ಬೇರೆ ರಿಪೇರಿಗಳೂ ಹೀಗೇ ಕಣ್ಣಿಗೆ ಕಾಣುವಂಥವು. ರೀಲನ್ನು ಸಮವೇಗದಲ್ಲಿ ಎಳೆಯುವುದು ಚಕ್ರಗಳಲ್ಲ. ಪಕ್ಕದಲ್ಲಿ ತೆಳ್ಳಗಿನ ಉಕ್ಕಿನ ಕಡ್ಡಿಯೊಂದು ತಿರುಗುತ್ತಿರುತ್ತದೆ. ರಬ್ಬರ್ ಗಾಲಿಯೊಂದು ರೀಲನ್ನು ಅದಕ್ಕೆ ಒತ್ತಿ ಹಿಡಿಯುತ್ತದೆ. ಬಲಗಡೆಯ ಚಕ್ರದ ಕೆಲಸ, ಬಂದ ರೀಲನ್ನು ಸುತ್ತಿಕೊಳ್ಳುವುದಷ್ಟೇ. ಬೆಲ್ಟು ಸಡಿಲವಾಗಿ ಆ ಚಕ್ರ ನಿಂತರೂ ಕಡ್ಡಿ ರೀಲನ್ನು ತಳ್ಳುತ್ತಲೇ ಇರುತ್ತದೆ. ಹೋಗಲು ಜಾಗವಿಲ್ಲದ ರೀಲು ಗಾಲಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಹರಿಯದ ಹಾಗೆ ಬಿಡಿಸಿ, ಪೆನ್ಸಿಲ್ ತೂರಿಸಿ ತಿರುಗಿಸಿದವರಿಗೆ ಗೊತ್ತು ಆ ಸಂಕಟ. ಕ್ಯಾಸೆಟ್ಟಿನ ಚಕ್ರಕ್ಕೆ ಆರು ಹಲ್ಲು, ಪೆನ್ಸಿಲ್ಲಿಗೆ ಆರು ಏಣು. ಒಂದಕ್ಕೊಂದು ಹೇಳಿ ಮಾಡಿಸಿದಂತಿತ್ತು.

ಸೆಲ್ಲಿನ ಕಥೆಯನ್ನೂ ಹೇಳಲೇಬೇಕು. ಸೆಲ್ಲು ಸೋಲುತ್ತ ಬಂದರೂ ಮೋಟಾರಿನ ನಿಯಂತ್ರಣ ಸರ್ಕ್ಯೂಟು ಬಹಳ ಹೊತ್ತು ವೇಗವನ್ನು ಹಿಡಿದಿಡುತ್ತದೆ. ಅದೂ ಕೈಚೆಲ್ಲಿದಾಗ ಹಾಡು ನಿಧಾನವಾಗುತ್ತದೆ. ವೇಗ ಸುಮಾರು ಶೇ 6ರಷ್ಟು ಇಳಿದರೆ ಶ್ರುತಿ ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಅರ್ಧ ಮನೆ ಕೆಳಗಿಳಿಯುತ್ತದೆ. ಇನ್ನೂ ಇಳಿದರೆ ಗಾಯಕಿಯ ದನಿ ಮೆಲ್ಲಗೆ ಗಂಡಸಿನ ದನಿಯಾಗುತ್ತದೆ. ನಮ್ಮೂರಲ್ಲಿ ಅಂಥ ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದರು. ಅದು ಬರೀ ನಂಬಿಕೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಆದರೆ ಅದರಲ್ಲಿ ರಸಾಯನಶಾಸ್ತ್ರವಿದೆ. ಬಿಸಿ ತಾಗಿದಾಗ ಸತು–ಇಂಗಾಲದ ಸೆಲ್ಲಿನೊಳಗೆ ವಿದ್ಯುತ್ ಹರಿಯಲು ಇರುವ ಅಡ್ಡಿ ಕಡಿಮೆಯಾಗುತ್ತದೆ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟಾಗ ಒಳಗಿನ ವಸ್ತುಗಳು ಮತ್ತೆ ಹರಡಿಕೊಳ್ಳುತ್ತವೆ. ಹೊಸ ಶಕ್ತಿಯೇನೂ ಸೇರುವುದಿಲ್ಲ, ಉಳಿದಿದ್ದ ಚೂರುಪಾರು ಹೊರಬರುತ್ತದೆ. ಒಂದೆರಡು ಹಾಡಿಗೆ ಅಷ್ಟು ಸಾಕಾಗಿತ್ತು.

ಸೆಲ್ಲು ಉಳಿಸಬೇಕಾದ್ದರಿಂದಲೇ ನಾವು ಹಾಡುಗಳನ್ನು ಸಾಲಾಗಿ ಕೇಳಿದೆವು. ಒಂದು ಹಾಡು ದಾಟಬೇಕಾದರೆ ರೀಲನ್ನು ಓಡಿಸಬೇಕು, ಅಂದಾಜಿನಲ್ಲಿ ನಿಲ್ಲಿಸಬೇಕು, ತಪ್ಪಿದರೆ ಹಿಂದಕ್ಕೆ ಬರಬೇಕು. ಅಷ್ಟರಲ್ಲಿ ಸೆಲ್ಲು ಇನ್ನಷ್ಟು ಸೋಲುತ್ತದೆ. ಅದರ ಬದಲು ಇಷ್ಟವಿಲ್ಲದ ಹಾಡನ್ನೂ ಕೇಳಿಬಿಡುವುದೇ ಸಲೀಸು. ಹಾಗೆ ಕೇಳಿ ಕೇಳಿ ಇಷ್ಟವಾದ ಹಾಡುಗಳು ನನಗೆ ಎಷ್ಟೋ ಇವೆ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ದನಿಯಲ್ಲಿ ಭಾವಗೀತೆಗಳು ಮನೆಮನೆಗೆ ಬಂದದ್ದು ಕ್ಯಾಸೆಟ್ಟಿನಲ್ಲೇ. ಆ ತಲೆಮಾರಿನ ಕನ್ನಡಿಗರಿಗೆ ಕವಿತೆಯ ಜೊತೆಗೆ ಅದರ ಹಿಂದಿನದು, ಮುಂದಿನದು ಯಾವುದು ಅನ್ನುವುದೂ ಬಾಯಿಪಾಠವಾಯಿತು.

ಇದನ್ನೆಲ್ಲ ಕಿವಿಗೆ ಹಾಕಿಕೊಂಡು ನಡೆಯಬಹುದು ಅಂತ ಜಗತ್ತಿಗೆ ತೋರಿಸಿದ್ದು ಸೋನಿ. 1979ರ ಜುಲೈ 1ರಂದು ಜಪಾನಿನಲ್ಲಿ ಮೊದಲ ವಾಕ್‌ಮನ್ ಮಾರಾಟಕ್ಕೆ ಬಂತು. ಬೆಲೆ 33,000 ಯೆನ್. ನೀಲಿ–ಬೆಳ್ಳಿ ಬಣ್ಣದ ಪೆಟ್ಟಿಗೆ. ಅದರಲ್ಲಿ ರೆಕಾರ್ಡ್ ಮಾಡಲು ಬರುತ್ತಿರಲಿಲ್ಲ. ಬದಲಿಗೆ ಎರಡು ಇಯರ್‌ಫೋನ್ ತೂತುಗಳಿದ್ದವು. ಒಬ್ಬರೇ ಕೂತು ಕೇಳುವುದು ಮರ್ಯಾದೆಯಲ್ಲ ಅನ್ನುವ ಅಳುಕು ಸೋನಿಯ ಅಕಿಯೊ ಮೊರಿಟಾ ಅವರಿಗಿತ್ತು. ಕಿತ್ತಳೆ ಬಣ್ಣದ ಗುಂಡಿಯೊಂದನ್ನೂ ಇಟ್ಟಿದ್ದರು. ಒತ್ತಿದರೆ ಹಾಡು ತಗ್ಗಿ, ಮೈಕಿನ ಮೂಲಕ ಪಕ್ಕದವರ ಮಾತು ಕೇಳಿಸುತ್ತಿತ್ತು. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಮಾಯವಾಯಿತು. ಇವತ್ತಿನ ದುಬಾರಿ ಇಯರ್‌ಬಡ್ಡುಗಳಲ್ಲಿ ಹೊರಗಿನ ಸದ್ದು ಒಳಬಿಡುವ ಸೌಲಭ್ಯ ಇದೆಯಲ್ಲ, ಅದನ್ನು ಕಂಡಾಗೆಲ್ಲ ನನಗೆ ಆ ಕಿತ್ತಳೆ ಗುಂಡಿ ನೆನಪಾಗುತ್ತದೆ.

ಸಾಲು ತಪ್ಪಿದ್ದು ಆಮೇಲೆ. 2001ರ ಅಕ್ಟೋಬರಿನಲ್ಲಿ ಆಪಲ್ ಕಂಪನಿ ತೋರಿಸಿದ ಮೊದಲ ಐಪಾಡ್‌ನಲ್ಲಿ 5 ಗಿಗಾಬೈಟಿನ ಪುಟ್ಟ ಹಾರ್ಡ್ ಡಿಸ್ಕ್ ಇತ್ತು, 1,000 ಹಾಡು ಹಿಡಿಯುತ್ತಿತ್ತು. ಅಷ್ಟು ಹಾಡಿದ್ದ ಮೇಲೆ ಕಲಸಿ ಕೇಳುವ ಆಸೆ ಸಹಜ. ಷಫಲ್ ಒತ್ತಿದರಾಯಿತು. ಆದರೆ ಜನ ದೂರತೊಡಗಿದರು: ಇದು ಕಲಸುತ್ತಿಲ್ಲ, ಒಬ್ಬರದ್ದೇ ಹಾಡು ಮತ್ತೆ ಮತ್ತೆ ಬರುತ್ತಿದೆ. ಲೆಕ್ಕ ಹಾಕಿದರೆ ತಪ್ಪು ಯಂತ್ರದ್ದಲ್ಲ. ಹತ್ತು ಗಾಯಕರ ಹತ್ತತ್ತು ಹಾಡು, ಒಟ್ಟು 100 ಇವೆ ಅನ್ನಿ. ಈಗ ಒಬ್ಬರ ಹಾಡು ಬಂದಿದೆ. ಉಳಿದ 99ರಲ್ಲಿ ಅವರವೇ 9. ಅಂದರೆ ಮುಂದಿನದೂ ಅವರದ್ದೇ ಆಗುವ ಸಾಧ್ಯತೆ ಹನ್ನೊಂದರಲ್ಲಿ ಒಂದು. ಗಂಟೆಗೊಂದು ಸಲವಾದರೂ ಹಾಗಾಗುವುದು ಸಹಜ. ನಿಜವಾಗಿ ಕಲಸಿದ್ದು ನಮ್ಮ ಕಣ್ಣಿಗೆ ಕಲಸಿದಂತೆ ಕಾಣುವುದಿಲ್ಲ. ಕೊನೆಗೆ 2005ರಲ್ಲಿ ಆಪಲ್, ಒಬ್ಬರದ್ದೇ ಹಾಡು ಬೆನ್ನುಬೆನ್ನಿಗೆ ಬರುವುದನ್ನು ಕಡಿಮೆ ಮಾಡುವ ಅವಕಾಶ ಕೊಟ್ಟಿತು.

ಈಗಂತೂ ಹತ್ತು ಕೋಟಿ ಹಾಡು ಬೆರಳ ತುದಿಯಲ್ಲಿವೆ. ಐಪಾಡ್ ಕೂಡ ಹಳೆಯದರ ಸಾಲಿಗೆ ಸೇರಿತು. 2022ರ ಮೇ ತಿಂಗಳಲ್ಲಿ ಆಪಲ್ ಅದರ ತಯಾರಿಕೆ ಮುಗಿಯಿತು ಅಂತ ತಿಳಿಸಿತು. ಅದರ ಚಕ್ರದ ಮೇಲೆ ಹೆಬ್ಬೆರಳು ಸುತ್ತಿಸಿ ಬೆಳೆದವರು ಈಗ ಅದನ್ನು ನೆನೆದು ಮರುಗುತ್ತಾರೆ.

ಇದೆಲ್ಲ ಬರೀ ಹರೆಯದ ನೆನಪು ಅನ್ನುವವರಿದ್ದಾರೆ. ಅವರ ಮಾತಿಗೂ ಆಧಾರವಿದೆ. ಅಮೆರಿಕದ ಸಂಶೋಧಕರಾದ ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಷಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಹಾಡು ಕೇಳಿಸಿದರು. ಕೇಳುಗರು ಸುಮಾರು 23–24 ವರ್ಷದವರಾಗಿದ್ದಾಗ ಬಂದಿದ್ದ ಹಾಡುಗಳಿಗೇ ಅವರ ಮನಸ್ಸು ಹೆಚ್ಚು ವಾಲಿತು. ಒಪ್ಪುತ್ತೇನೆ. ಆದರೆ ಹರೆಯದ ಹಾಡು ಫೋನಿನಲ್ಲೂ ಸಿಗುತ್ತದೆ, ಜಾಸ್ತಿ ಸ್ಪಷ್ಟವಾಗಿಯೇ ಸಿಗುತ್ತದೆ. ಬಸ್ಸಿನಲ್ಲಿ ನನಗೆ ಹಾಡು ಸಿಕ್ಕಿತ್ತು. ಸಿಗದೇ ಹೋದದ್ದು ಅದರ ಮುಂದಿನದು.

ಅವತ್ತು ಮನೆಗೆ ಬಂದು ಆ ಕ್ಯಾಸೆಟ್ ಹುಡುಕಿ ತೆಗೆದೆ. ಗೆಳೆಯನ ಟೇಪ್ ರೆಕಾರ್ಡರ್ ತಂದು, ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ ಎ ಸೈಡನ್ನು ತುಂಬಿಸಿಕೊಂಡೆ. ಹಾಡುಗಳ ನಡುವಿನ ಖಾಲಿ ಜಾಗದಲ್ಲಿ ಧ್ವನಿ ಏರಿಸಿ ಕೇಳಿದಾಗ ಒಂದು ವಿಷಯ ಗಮನಕ್ಕೆ ಬಂತು. ಹಾಡು ಶುರುವಾಗುವ ಮೊದಲೇ, ಪಕ್ಕದ ಕೋಣೆಯಿಂದ ಬಂದಂತೆ, ಅದೇ ಕೊಳಲು ಅತಿ ಮೆಲ್ಲಗೆ ಕೇಳುತ್ತಿತ್ತು.

ಇದಕ್ಕೆ ಕಾರಣ ಸುತ್ತಿಟ್ಟ ರೀಲು. ಡಬ್ಬಿಯಲ್ಲಿ ಕೂತ ಕ್ಯಾಸೆಟ್ಟಿನೊಳಗೆ ರೀಲಿನ ಒಂದು ಸುತ್ತು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ನಡುವಿನ ಪ್ಲಾಸ್ಟಿಕ್ ಹಾಳೆ ಬಹಳ ತೆಳು. ಜೋರಾದ ನಾದವಿರುವ ಜಾಗದ ಕಾಂತತೆ ಪಕ್ಕದ ಸುತ್ತಿಗೂ ಚೂರು ಇಳಿಯುತ್ತದೆ. ಪಕ್ಕದ ಸುತ್ತು ಖಾಲಿ ಇದ್ದರೆ ಅಲ್ಲಿ ಆ ನಾದದ ನೆರಳು ಬಿದ್ದಿರುತ್ತದೆ. ಸ್ಟುಡಿಯೋದವರಿಗೆ ಇದು ದೊಡ್ಡ ಕಾಟ. ಅದಕ್ಕೇ ಅವರು ಟೇಪನ್ನು ಹಿಂದಕ್ಕೆ ಸುತ್ತದೆ, ಕೊನೆಯ ಭಾಗ ಹೊರಗಿರುವಂತೆ ಇಡುತ್ತಿದ್ದರು. ಆಗ ನೆರಳು ಹೆಚ್ಚಾಗಿ ಹಾಡಿನ ಹಿಂದೆ ಬೀಳುತ್ತದೆ, ಹಾಡಿನ ಸದ್ದಿನಲ್ಲೇ ಮುಚ್ಚಿಹೋಗುತ್ತದೆ.

ನೆರಳಿಗೂ ಹಾಡಿಗೂ ಇರುವ ಅಂತರ ಅಂದರೆ ರೀಲಿನ ಒಂದು ಸುತ್ತಿನ ಉದ್ದ. ಹೊರಸುತ್ತು ದೊಡ್ಡದು, ಒಳಸುತ್ತು ಸಣ್ಣದು. ಅಳೆದು ನೋಡಿದೆ. ಎರಡನೆಯ ಹಾಡಿನ ನೆರಳು ಸುಮಾರು ಮೂರು ಸೆಕೆಂಡು ಮೊದಲು ಬರುತ್ತಿತ್ತು. ಕೊನೆಯ ಹಾಡಿನದು ಎರಡು ಸೆಕೆಂಡಿಗಿಂತ ಕಡಿಮೆ. ಮೊದಮೊದಲ ಹಾಡುಗಳು ಹೊರಸುತ್ತಿನಲ್ಲಿದ್ದರೆ ಮಾತ್ರ ಹೀಗಾಗುತ್ತದೆ. ಅಂದರೆ ಈ ಕ್ಯಾಸೆಟ್ ಇಷ್ಟು ವರ್ಷ ಡಬ್ಬಿಯಲ್ಲಿ ಇದ್ದದ್ದು ಎ ಸೈಡಿನ ಮೊದಲಿಗೆ ಸುತ್ತಿಕೊಂಡು.

ಅದು ಅಮ್ಮನ ಕೆಲಸ. ಕೇಳಿ ಮುಗಿದ ಮೇಲೆ ಪೂರ್ತಿ ಹಿಂದಕ್ಕೆ ಸುತ್ತಿಯೇ ಡಬ್ಬಿಗೆ ಹಾಕುತ್ತಿದ್ದಳು. ನಾವು ಹಾಗೇ ಇಟ್ಟರೆ, "ಮುಂದೆ ಕೇಳೋರಿಗೆ ಮೊದಲಿಂದ ಸಿಗಬೇಕು ಕಣೋ" ಅಂತ ಗದರುತ್ತಿದ್ದಳು.

ಕಂಪ್ಯೂಟರಿನಲ್ಲಿ ಹಾಡುಗಳನ್ನು ಬೇರೆ ಬೇರೆ ಫೈಲ್ ಮಾಡಿಕೊಳ್ಳಬಹುದಿತ್ತು. ಮಾಡಲಿಲ್ಲ. ಎ ಸೈಡ್ ಅಂತ ಒಂದೇ ಫೈಲ್ ಆಗಿ, ನಡುವಿನ ಖಾಲಿ ಜಾಗದ ಸಮೇತ ಫೋನಿಗೆ ಹಾಕಿಕೊಂಡಿದ್ದೇನೆ.