ಕಂಪ್ಲಯಂಟ್ ಬೇರೆ, ಕಂಪ್ಲೇಂಟ್ ಬೇರೆ

ಗಂಗಾವತಿಯ ಅಕ್ಕಿ ಗಿರಣಿಯೊಂದರ ಆಫೀಸಿಗೆ ಕಂಪ್ಯೂಟರಿನ ಒಂದು ಪೋರ್ಟನ್ನು ಹಲವು ಮಾಡುವ ಯುಎಸ್‌ಬಿ ಹಬ್ ಬೇಕಿತ್ತು. ಡಬ್ಬಿ ಮೇಲೆ ‘ಯುಎಸ್‌ಬಿ 2.0 ಕಂಪ್ಲಯಂಟ್’ ಎಂದು ಅಚ್ಚಾಗಿತ್ತು. ಅಂಗಡಿಯವರು ಅದರ ಮೇಲೆ ಬೆರಳಿಟ್ಟು, “ಯಾವ ಕಂಪ್ಲೇಂಟೂ ಬರಂಗಿಲ್ಲ ಅಂತ ಕಂಪನಿಯವ್ರ ಬರ್ದಾರ ನೋಡ್ರಿ ಸರ” ಎಂದರು. ಈ ಅರ್ಥವಿವರಣೆಯನ್ನು ನಾನು ಕೇಳಿದ್ದು ಮೂರನೆಯ ಸಲ. ಹಿಂದಿನ ಸಲ ಹೇಳಿದವರು ಇಂಜಿನಿಯರಿಂಗ್ ಓದಿದ್ದರು.

ಎರಡಕ್ಕೂ ನಂಟೇ ಇಲ್ಲ. ಕಂಪ್ಲಯಂಟ್ ಎಂದರೆ ಮಾನಕದ, ಅಂದರೆ ಸ್ಟ್ಯಾಂಡರ್ಡಿನ, ಷರತ್ತುಗಳನ್ನು ಪೂರೈಸಿದ್ದು. ಕಂಪ್ಲೇಂಟಿನ ಬೇರು ಲ್ಯಾಟಿನ್ನಿನ ‘ಪ್ಲಾಂಗೆರೆ’, ಅಂದರೆ ಬಡಿಯುವುದು, ಎದೆ ಬಡಿದುಕೊಂಡು ಅಳುವುದು. ಕಂಪ್ಲಯನ್ಸಿನ ಬೇರು ‘ಕೊಂಪ್ಲೇರೆ’, ಅಂದರೆ ತುಂಬುವುದು. ‘ಕಂಪ್ಲೀಟ್’ ಅದರ ಒಡಹುಟ್ಟು. ನಮಗೆ ಇದು ಹೊಸ ಕಲ್ಪನೆಯೇನಲ್ಲ. ‘ಪೂರೈಸು’ ಎಂಬುದರೊಳಗೆ ಇರುವ ‘ಪೂರ’ವೂ ತುಂಬುವುದೇ. ಇಷ್ಟು ಹತ್ತಿರದ ಮಾತು ಕೈಯಲ್ಲಿದ್ದರೂ ಸರಕಾರಿ ಕಾಗದಗಳಲ್ಲಿ ‘ಅನುಸರಣೆ’ ಎಂದೇ ಬರೆಯುತ್ತಾರೆ. ಅನುಸರಣೆ ಎಂದರೆ ಹಿಂದೆ ನಡೆಯುವುದು, ಅದನ್ನು ಕುರಿಯೂ ಮಾಡುತ್ತದೆ. ಎಷ್ಟು ದೂರ ನಡೆಯಿತು, ನಡುವೆ ದಾರಿ ಬಿಟ್ಟಿತೇ ಎಂಬುದು ಆ ಪದದಲ್ಲಿ ಇಲ್ಲ. ಪೂರೈಸಿತೇ ಎಂದು ಕೇಳಿದರೆ ಮಾತ್ರ ಹೌದು ಅಥವಾ ಇಲ್ಲ ಎನ್ನಲೇಬೇಕು. ‘ಪೂರೈಕೆ’ಯನ್ನು ಸಪ್ಲೈಗೆ ಬಿಟ್ಟುಕೊಟ್ಟಿದ್ದೇವೆ, ಹಾಗಾಗಿ ‘ಷರತ್ತು ಪೂರೈಸುವಿಕೆ’ ಎನ್ನೋಣ.

ಇದಕ್ಕಿಂತ ಕೆಟ್ಟ ಗೊಂದಲ ‘ಕಂಪ್ಯಾಟಿಬಲ್’, ಅಂದರೆ ಒಂದಕ್ಕೊಂದು ಹೊಂದುವುದು, ಎಂಬ ಪದದ ಜೊತೆಗಿನದು. ಭತ್ತದ ವ್ಯಾಪಾರ ಬಲ್ಲವರಿಗೆ ಕಾಟಾದ ಲೆಕ್ಕದಲ್ಲಿ ಹೇಳಿದರೆ ಅರ್ಧ ನಿಮಿಷ ಸಾಕು. ನಿಮ್ಮ ಕಾಟಾ, ಪಕ್ಕದವರ ಕಾಟಾ ಒಂದೇ ತೂಕ ತೋರಿಸಿದರೆ ಅದು ಹೊಂದಾಣಿಕೆ. ಎರಡೂ ಸೇರಿಕೊಂಡು ಚೀಲಕ್ಕೆ ಎರಡು ಕಿಲೋ ನುಂಗುತ್ತಿರಬಹುದು. ಮಾನಕ ತೂಕ ಇಟ್ಟು ನೋಡಿ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಮುದ್ರೆ ಒತ್ತಿದರೆ ಅದು ಕಂಪ್ಲಯನ್ಸ್. “ನನ್ನ ಲ್ಯಾಪ್‌ಟಾಪಿಗೆ ಹಾಕ್ದೆ, ನಡೀತು” ಎನ್ನುವುದು ಪಕ್ಕದವರ ಕಾಟಾದ ಸಾಕ್ಷಿ, ಅಷ್ಟೆ.

ಯುಎಸ್‌ಬಿಯ ಮಾನಕ ಇಟ್ಟುಕೊಂಡಿರುವುದು 1995ರಲ್ಲಿ ಹುಟ್ಟಿದ ಯುಎಸ್‌ಬಿ ಇಂಪ್ಲಿಮೆಂಟರ್ಸ್ ಫೋರಂ. ತ್ರಿಶೂಲದಂಥ ಗುರುತು ಕಂಡ ಕೂಡಲೇ ಅವರ ಮುದ್ರೆ ಬಿತ್ತು ಎಂದುಕೊಳ್ಳಬೇಡಿ. ಪರೀಕ್ಷೆ ಗೆದ್ದವರಿಗೆ ಸಿಗುವ ಲೋಗೋ ಬೇರೆಯೇ ಇದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಇನ್ನೂ ಬೇರೆ, ಅದು ಸುರಕ್ಷತೆಯ ವಿಚಾರ. ‘2.0’ ಎಂದ ಮಾತ್ರಕ್ಕೆ ಸೆಕೆಂಡಿಗೆ 480 ಮೆಗಾಬಿಟ್ ಓಡುತ್ತದೆ ಎಂದೂ ಅಲ್ಲ. 2000ದ ಆ ಮಾನಕದಲ್ಲಿ 1.5 ಮತ್ತು 12 ಮೆಗಾಬಿಟ್‌ನ ಸಾಧನಗಳಿಗೂ ಜಾಗವಿದೆ. ವೇಗ ಬೇಕಾದವರು ‘ಹೈ-ಸ್ಪೀಡ್’ ಎಂಬ ಪದ ಹುಡುಕಬೇಕು.

ಇನ್ನು ಹಬ್‌ನ ಪರೀಕ್ಷೆ. ಅಡಾಪ್ಟರ್ ಇಲ್ಲದ ಹಬ್‌ಗೆ ಕಂಪ್ಯೂಟರ್ ಕೊಡುವುದು 500 ಮಿಲಿಆಂಪಿಯರ್. ಅದರಲ್ಲಿ 100 ಹಬ್‌ನ ಹೊಟ್ಟೆಗೆ, ಉಳಿದ 400ರಲ್ಲಿ ಪೋರ್ಟಿಗೆ ನೂರರಂತೆ ನಾಲ್ಕು. ಆದ್ದರಿಂದಲೇ ಇಂಥ ಹಬ್‌ಗೆ ನಾಲ್ಕೇ ಪೋರ್ಟ್. ಸ್ವಂತ ಅಡಾಪ್ಟರ್ ಇದ್ದರೆ ಪ್ರತಿ ಪೋರ್ಟಿಗೂ 500 ಕೊಡಬೇಕು. ಅಗ್ಗದ ಹಬ್‌ಗಳು ಸುಳ್ಳು ಹೇಳುವುದು ಇಲ್ಲೇ. ನಾನು ತಂದ ಡಬ್ಬಿಯಲ್ಲಿ ಅಡಾಪ್ಟರೇ ಇರಲಿಲ್ಲ, ಹಬ್ ತನ್ನ ಬಗ್ಗೆ ಕಂಪ್ಯೂಟರಿಗೆ ಕೊಡುವ ವಿವರಪಟ್ಟಿ, ಅಂದರೆ ಡಿಸ್ಕ್ರಿಪ್ಟರ್, ಮಾತ್ರ ‘ನಾನು ಸೆಲ್ಫ್-ಪವರ್ಡ್’, ಸ್ವಂತ ಅಡಾಪ್ಟರಿನದು, ಎನ್ನುತ್ತಿತ್ತು. ಕಂಪ್ಯೂಟರ್ ಅದನ್ನು ನಂಬಿ ಹೆಚ್ಚು ಕರೆಂಟ್ ಎಳೆಯುವ ಸಾಧನಗಳಿಗೂ ಒಪ್ಪಿಗೆ ಕೊಟ್ಟಿತು. ಬೆರಳ ಗುರುತು ಓದುವ ಬೆರಳಚ್ಚು ಯಂತ್ರ, ಪ್ರಿಂಟರ್, ಪೆನ್‌ಡ್ರೈವ್ ಮೂರೂ ಹತ್ತಿದ ಮೇಲೆ ವೋಲ್ಟೇಜ್ ಕುಸಿದು ಬೆರಳಚ್ಚು ಯಂತ್ರ ಬಿಟ್ಟುಬಿಟ್ಟು ಮಾಯ. ಬೈಗುಳ ತಿಂದದ್ದು ಬೆರಳಚ್ಚು ಯಂತ್ರ.

ಹೀಗಾಗಿ ಎಲ್ಲ ಪೋರ್ಟಿಗೂ ಒಟ್ಟಿಗೇ ಪೂರ್ತಿ ಲೋಡ್ ಹಾಕಿಯೇ ಅಳೆಯಬೇಕು. ಸ್ವಂತ ಅಡಾಪ್ಟರ್ ಇರುವ ಹಬ್‌ನ ಪೋರ್ಟಿನಲ್ಲಿ 4.75 ವೋಲ್ಟ್, ಇಲ್ಲದ್ದರಲ್ಲಿ 4.40, ಅದಕ್ಕಿಂತ ಕೆಳಗೆ ಇಳಿಯಕೂಡದು. ಒಂದು ಪೋರ್ಟಿಗೆ ಹೊಸದಾಗಿ ಏನಾದರೂ ಚುಚ್ಚಿದಾಗ ಪಕ್ಕದ ಪೋರ್ಟಿನ ಕ್ಷಣಿಕ ಕುಸಿತ 330 ಮಿಲಿವೋಲ್ಟ್ ದಾಟಬಾರದು. ನಮ್ಮ ಕಡೆ ಇನ್ನೊಂದು ಪರೀಕ್ಷೆ ಕಡ್ಡಾಯ ಎನ್ನುತ್ತೇನೆ. ಕಂಪ್ಯೂಟರ್ ಯುಪಿಎಸ್ ಮೇಲೆ, ಹಬ್‌ನ ಅಡಾಪ್ಟರ್ ಗೋಡೆಯ ಸಾಕೆಟ್ಟಿನಲ್ಲಿ, ಕರೆಂಟ್ ಹೋಯಿತು. ಆಗ ಹಬ್ ಏನು ಮಾಡುತ್ತದೆ? ಅಡಾಪ್ಟರಿನ ಕರೆಂಟ್ ಇದ್ದಾಗ, ಇಲ್ಲದಾಗ, ಎರಡು ಸ್ಥಿತಿಯಲ್ಲೂ ನೋಡಬೇಕು, ಒಂದರಿಂದ ಇನ್ನೊಂದಕ್ಕೆ ಜಾರುವ ಗಳಿಗೆಯನ್ನೂ ನೋಡಬೇಕು. ಅದಕ್ಕೂ ಮೊದಲು, ಯಾವ ಕಂಪ್ಯೂಟರಿಗೂ ಚುಚ್ಚುವ ಮುಂಚೆ, ಹಬ್ ತನ್ನ ಅಡಾಪ್ಟರಿನ ಕರೆಂಟನ್ನು ಕಂಪ್ಯೂಟರಿನ ಕಡೆಯ ವಯರಿಗೆ ಹಿಂದಕ್ಕೆ ತಳ್ಳುತ್ತಿದೆಯೇ ಎಂದು ಮೀಟರ್ ಹಿಡಿದು ನೋಡಿ. ಆಫ್ ಮಾಡಿದ ಕಂಪ್ಯೂಟರಿನಲ್ಲಿ ದೀಪ ಮಿಣಮಿಣ ಎಂದರೆ ಕಾರಣ ಇದೇ ಇರಬಹುದು.

ಪೆನ್‌ಡ್ರೈವ್, ಸ್ಕ್ಯಾನರ್‌ನಂಥ ಸಾಧನಗಳಿಗೆ ಬೇರೆ ಪಟ್ಟಿ. ಮಲಗಿಸಿ (ಸಸ್ಪೆಂಡ್ ಮಾಡಿ) ಎಬ್ಬಿಸಬೇಕು. ಮಲಗಿದಾಗ 2.5 ಮಿಲಿಆಂಪಿಯರ್ ಮೀರಿ ಎಳೆಯಬಾರದು. ನೇರವಾಗಿ ಒಂದು ಸಲ, ಮಾನಕ ಬಿಡುವಷ್ಟೂ ಅಂದರೆ ಐದು ಹಬ್‌ಗಳ ಸರಪಳಿಯ ತುದಿಯಲ್ಲಿ ಒಂದು ಸಲ ಓಡಿಸಬೇಕು. ಲ್ಯಾಬಿಗೆಂದೇ ಮುದ್ದಾಗಿ ಬೆಸೆದ ನಮೂನೆ ಬೇಡ, ಮಾರಾಟಕ್ಕೆ ಹೋಗುವ ಪೀಸನ್ನೇ ತೆಗೆದುಕೊಳ್ಳಿ.

ಗೆದ್ದ ಹಬ್‌ನ ಡಬ್ಬಿ ಅದೇ ಉಳಿದು ಒಳಗಿನ ಚಿಪ್ ಬದಲಾದರೆ ಹಳೆಯ ಫಲಿತಾಂಶ ಹೊಸದಕ್ಕೆ ದಾಟುವುದಿಲ್ಲ, ಮತ್ತೆ ಪರೀಕ್ಷೆಗೆ ಹಾಕಬೇಕು. ಎಲೆಕ್ಟ್ರಾನಿಕ್ ಕಾಟಾಕ್ಕೆ ವರ್ಷ ವರ್ಷ ಮುದ್ರೆ ಹಾಕಿಸಿಕೊಂಡು ಬರುವ ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.