ಹೆಲ್ಮೆಟ್ ಕಾಯಲಾರದ ಮಿದುಳು

ಐಸ್ ಹಾಕಿ ಆಟಗಾರನ ಎದೆ, ಭುಜ, ಮೊಣಕೈ, ಮೊಣಕಾಲಿಗೆಲ್ಲ ಗಟ್ಟಿ ಕವಚವಿರುತ್ತದೆ. ಕತ್ತು ಮಾತ್ರ ಬಹುಕಾಲ ಬರಿದಾಗಿಯೇ ಇತ್ತು. ಕಾಲಲ್ಲಿರುವುದೋ ಹರಿತವಾದ ಉಕ್ಕಿನ ಅಲಗು. ಬಿದ್ದವನ ಕಾಲು ಮೇಲಕ್ಕೆ ಚಿಮ್ಮಿದರೆ ಅದು ಯಾರಿಗೆ, ಎಲ್ಲಿ ತಾಗೀತು ಎಂದು ಹೇಳಲಾಗದು.

1989ರ ಮಾರ್ಚ್‌ನಲ್ಲಿ, ಅಮೆರಿಕದ ಬಫಲೊದಲ್ಲಿ, ಅದು ಗೋಲ್‌ಕೀಪರ್ ಕ್ಲಿಂಟ್ ಮಲಾರ್ಚಕ್ ಅವರ ಕತ್ತನ್ನು ಸೀಳಿತು. ತಲೆಯಿಂದ ಹೃದಯಕ್ಕೆ ರಕ್ತ ಮರಳುವ ಜಗ್ಯುಲರ್ ಅಭಿಧಮನಿಗೇ ಪೆಟ್ಟು. ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. 2 ಲೀಟರ್ ಹರಿದುಹೋದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ. ಇಂಥ ಗಾಯದಲ್ಲಿ ಅದಕ್ಕೆ ಕೆಲವೇ ನಿಮಿಷ ಸಾಕು. ಸಾಲದ್ದಕ್ಕೆ, ತುಂಡಾದ ಅಭಿಧಮನಿಯೊಳಕ್ಕೆ ಗಾಳಿ ನುಗ್ಗಿ ಹೃದಯ ಸೇರುವ ಅಪಾಯವೂ ಇದೆ. ತಂಡದ ಟ್ರೇನರ್ ಜಿಮ್ ಪಿಜುಟೆಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟು ಪಳಗಿದವರು. ಅವರು ಓಡಿಬಂದು ರಕ್ತನಾಳವನ್ನು ಕೈಯಲ್ಲೇ ಅದುಮಿ ಹಿಡಿದರು. ಎರಡು ವಾರ ತುಂಬುವ ಮೊದಲೇ ಮಲಾರ್ಚಕ್ ಮತ್ತೆ ಆಡಿದರು. ಮನಸ್ಸಿಗಾದ ಆಘಾತ ವರ್ಷಗಟ್ಟಲೆ ಕಾಡಿತು. 2023ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸ್ಕೇಟಿನ ಅಲಗಿಗೆ ಕತ್ತು ಸಿಕ್ಕ ಆಡಂ ಜಾನ್ಸನ್ ಬದುಕಲಿಲ್ಲ. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ತನ್ನ ಪಂದ್ಯಾವಳಿಗಳಲ್ಲಿ ಎಲ್ಲ ವಯಸ್ಸಿನವರಿಗೂ ಕತ್ತುಪಟ್ಟಿ ಕಡ್ಡಾಯ ಮಾಡಿದ್ದು ಅದಾದ ಮೇಲೆಯೇ. ಇಷ್ಟು ತಡವೇಕೋ!

ಅದೇ ಕತ್ತಿನೊಳಗೆ ಬೆನ್ನುಹುರಿಯೂ ಇದೆ. ತಲೆ ಎತ್ತಿದ್ದಾಗ ಕತ್ತಿನ ಮೂಳೆಗಳ ಸಾಲು ತುಸು ಬಾಗಿರುತ್ತದೆ. ಬಿದ್ದ ಪೆಟ್ಟನ್ನು ಸ್ನಾಯುಗಳೂ ಹಂಚಿಕೊಳ್ಳುತ್ತವೆ. ತಲೆ ತಗ್ಗಿಸಿದೊಡನೆ ಸಾಲು ನೆಟ್ಟಗಾಗುತ್ತದೆ. ಆಗ ನೆತ್ತಿ ಅಂಕಣದ ಗೋಡೆಗೆ ಬಡಿದರೆ ತಲೆ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಅದರ ರಭಸವೆಲ್ಲ ಆ ಮೂಳೆಗಳ ಮೇಲೆಯೇ. 1995ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ತಂಡಕ್ಕೆ ಮೊದಲ ಸಲ ಆಡಲಿಳಿದ ಟ್ರಾವಿಸ್ ರಾಯ್ 11 ಸೆಕೆಂಡಿನಲ್ಲೇ ಹೀಗೆ ಗೋಡೆಗೆ ಬಡಿದರು. ಮುಂದಿನ 25 ವರ್ಷ, ಸಾಯುವವರೆಗೂ, ಗಾಲಿಕುರ್ಚಿಯೇ ಗತಿಯಾಯಿತು. ತಲೆಯ ಮೇಲೆ ಹೆಲ್ಮೆಟ್ ಇತ್ತು. ಇಲ್ಲಿ ಅದು ತಾನೇ ಏನು ಮಾಡೀತು?

1968ರಲ್ಲಿ ಹೆಲ್ಮೆಟ್ಟಿಲ್ಲದೆ ಆಡುತ್ತಿದ್ದ ಬಿಲ್ ಮಾಸ್ಟರ್ಟನ್ ತಲೆಗೆ ಪೆಟ್ಟಾಗಿ ಸತ್ತರು. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಕೂಟವಾದ ನ್ಯಾಷನಲ್ ಹಾಕಿ ಲೀಗ್ ಹೊಸ ಆಟಗಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ್ದು 1979ರಲ್ಲಿ. ತಲೆಬುರುಡೆ ಒಡೆಯುವುದನ್ನು ಹೆಲ್ಮೆಟ್ ಬಹುಮಟ್ಟಿಗೆ ತಡೆಯುತ್ತದೆ. ಆದರೆ ಮಿದುಳು ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಗಕ್ಕನೆ ತಿರುಗಿದಾಗ ಅದು ಹಿಂದುಳಿದು ಹಿಂಡಿದಂತಾಗುತ್ತದೆ, ಒಳಗಿನ ನರತಂತುಗಳು ಎಳೆದುಕೊಳ್ಳುತ್ತವೆ. ತಲೆನೋವು, ಮರೆವು, ಬೆಳಕು ಕಂಡರೆ ಆಗದಿರುವುದು, ನಿದ್ದೆಗೆಡುವುದು ಎಲ್ಲ ಅದರ ಫಲ. ಸಿಟಿ ಸ್ಕ್ಯಾನ್ ಮಾಡಿಸಿದರೆ ಹೆಚ್ಚಿನ ಸಲ ಏನೂ ಕಾಣಿಸದು. ಹಾಗಾಗಿ ಆಟಗಾರ ಮತ್ತೆ ಅಂಕಣಕ್ಕಿಳಿಯುತ್ತಾನೆ, ಇನ್ನೊಂದು ಪೆಟ್ಟು ತಿನ್ನುತ್ತಾನೆ.

ಇಂಥ ಪೆಟ್ಟುಗಳು ವರ್ಷಗಟ್ಟಲೆ ಬೀಳುತ್ತಿದ್ದರೆ ಕೆಲವರ ಮಿದುಳಿನಲ್ಲಿ ಟೌ ಎಂಬ ಪ್ರೋಟೀನ್ ಗಂಟುಗಟ್ಟುತ್ತದೆ. ಸಿಟಿಇ ಎಂಬ ಕಾಯಿಲೆಯ ಗುರುತದು. ಅಂಕಣದಲ್ಲಿ ಗುದ್ದಾಟಕ್ಕೇ ಹೆಸರಾಗಿದ್ದ ಡೆರೆಕ್ ಬೂಗಾರ್ಡ್ 2011ರಲ್ಲಿ ತೀರಿಕೊಂಡಾಗ 28 ವರ್ಷ. ಮಿದುಳನ್ನು ಪರೀಕ್ಷಿಸಿದಾಗ ಈ ಕಾಯಿಲೆ ಪತ್ತೆಯಾಯಿತು. ಬದುಕಿರುವವರಲ್ಲಿ ಇದನ್ನು ಖಚಿತವಾಗಿ ಗುರುತಿಸುವ ಪರೀಕ್ಷೆ ಇನ್ನೂ ಬಂದಿಲ್ಲ.