ಪ್ರಪಂಚದ ಮಾರುಕಟ್ಟೆ ಕುಸಿಯುತ್ತಂತೆ, ನಮ್ಮ ಎಸ್‌ಐಪಿ ನಿಲ್ಲಿಸೋಣವಾ?

ಪ್ರಶ್ನೆ: ನಾವು ಕುಮಟಾ ಕಡೆಯವರು. ಅಮೆರಿಕದ ದೊಡ್ಡ ದೊಡ್ಡ ಹೂಡಿಕೆದಾರರೇ ಇನ್ನೇನು ಎಲ್ಲ ಕುಸಿಯುತ್ತದೆ ಅನ್ನುತ್ತಿದ್ದಾರೆ. ನಾನು ಷೇರು ಫಂಡಿನಲ್ಲಿ ತಿಂಗಳಿಗೆ ಐದು ಸಾವಿರ ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಕಟ್ಟುತ್ತಿದ್ದೇನೆ. ಮಗಳು ಈಗ ಪಿಯುಸಿ. ಎಲ್ಲ ತೆಗೆದು ಬಂಗಾರ ಮಾಡಿಸಿಡಲಾ, ಇಲ್ಲ ಸೊಸೈಟಿಯಲ್ಲಿ ಠೇವಣಿ ಇಡಲಾ?

ಉತ್ತರ: ಇದೇ ಪ್ರಶ್ನೆಯನ್ನು ಶಿರಸಿಯ ಅಡಕೆ ಬೆಳೆಗಾರರು ಒಂದು ಥರ ಕೇಳುತ್ತಾರೆ, ದುಬೈನಲ್ಲಿರುವ ಭಟ್ಕಳದ ಹುಡುಗರು ಇನ್ನೊಂದು ಥರ ಕೇಳುತ್ತಾರೆ. ನೇರವಾಗಿ ಹೇಳಿಬಿಡುತ್ತೇನೆ. ಮಾರುಕಟ್ಟೆ ಬೀಳುತ್ತದೆ. ಖಂಡಿತ ಬೀಳುತ್ತದೆ. ಯಾವಾಗ ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ, ದಿನಾ ಟಿವಿಯಲ್ಲಿ ಕೂತು ಹೇಳುವವರಿಗೂ ಗೊತ್ತಿಲ್ಲ.

ಗೊತ್ತಿಲ್ಲ ಅಂದರೆ ಅವರೆಲ್ಲ ದಡ್ಡರು ಅಂತಲ್ಲ. 1996ರ ಡಿಸೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾಗಿದ್ದ ಆಲನ್ ಗ್ರೀನ್‌ಸ್ಪ್ಯಾನ್ ಒಂದು ಭಾಷಣದಲ್ಲಿ, ಜನರ ಉತ್ಸಾಹ ವಿವೇಕ ಮೀರಿ ಬೆಲೆಗಳನ್ನು ಏರಿಸಿಬಿಟ್ಟಿದೆಯೇ ಅನ್ನುವ ಅರ್ಥದ ಪ್ರಶ್ನೆ ಎತ್ತಿದರು. ಮರುದಿನ ಪ್ರಪಂಚದ ಮಾರುಕಟ್ಟೆಗಳೆಲ್ಲ ಬೆಚ್ಚಿಬಿದ್ದವು. ಆಮೇಲೆ? ಆಗ ಸುಮಾರು 1,300ರಲ್ಲಿದ್ದ ಅಮೆರಿಕದ ನಾಸ್ಡಾಕ್ ಷೇರು ಸೂಚ್ಯಂಕ 2000ದ ಮಾರ್ಚ್‌ನಲ್ಲಿ 5,000 ದಾಟಿತು. ಗ್ರೀನ್‌ಸ್ಪ್ಯಾನ್ ಹೇಳಿದ್ದು ಸುಳ್ಳಾಯಿತು ಅಂತ ನಗುವಷ್ಟರಲ್ಲಿ ಬೀಳಲು ಶುರುವಾಯಿತು ನೋಡಿ, 2002ರ ಅಕ್ಟೋಬರ್‌ಗೆ 1,114ಕ್ಕೆ ಬಂದು ನಿಂತಿತು. ಅಂದರೆ ಅವರು ಎಚ್ಚರಿಸಿದಾಗ ಎಷ್ಟಿತ್ತೋ ಅದಕ್ಕಿಂತಲೂ ಕೆಳಗೆ.

ಹಾಗಾದರೆ ಅವರು ಹೇಳಿದ್ದು ಸರಿಯೋ ತಪ್ಪೋ? ಏನಾಗುತ್ತದೆ ಅನ್ನುವುದರಲ್ಲಿ ಸರಿ, ಯಾವಾಗ ಅನ್ನುವುದರಲ್ಲಿ ಮೂರು ವರ್ಷಕ್ಕೂ ಜಾಸ್ತಿ ತಪ್ಪು. 1996ರಲ್ಲೇ ಎಲ್ಲ ಮಾರಿ ಆರು ವರ್ಷ ಸುಮ್ನೆ ಕೂರುವ ತಾಳ್ಮೆ ಇದ್ದವನು ಗೆದ್ದ. ಆದರೆ ಪಕ್ಕದ ಮನೆಯವನ ದುಡ್ಡು ಎರಡು ಪಟ್ಟು, ಮೂರು ಪಟ್ಟು ಆಗುತ್ತಿರುವಾಗ ಕೈಕಟ್ಟಿ ಕೂರುವವರು ಎಷ್ಟು ಜನ ಹೇಳಿ? ಹೆದರಿ ಹೊರಗೆ ಬಂದವನು ಹೊಟ್ಟೆಕಿಚ್ಚು ತಡೆಯಲಾರದೆ ತುದಿಯಲ್ಲಿ ಮತ್ತೆ ಒಳಗೆ ಹೋಗುತ್ತಾನೆ. ದುಡ್ಡು ಕಳೆದುಕೊಳ್ಳುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಈಚಿನದ್ದೇ ಬೇಕಾದರೆ ಮೈಕಲ್ ಬರಿ. 2008ರ ಅಮೆರಿಕದ ಗೃಹಸಾಲದ ಗುಳ್ಳೆಯನ್ನು ಮೊದಲೇ ಗುರುತಿಸಿ ಅದರಲ್ಲೇ ದುಡ್ಡು ಮಾಡಿದ ಮನುಷ್ಯ. 2023ರ ಜನವರಿ ಕೊನೆಯಲ್ಲಿ ಟ್ವಿಟರ್‌ನಲ್ಲಿ ಒಂದೇ ಒಂದು ಪದ ಬರೆದರು: ‘ಮಾರಿ’. ಪ್ರಪಂಚವೆಲ್ಲ ಅದನ್ನೇ ಹಂಚಿಕೊಂಡಿತು. ಎರಡು ತಿಂಗಳಾದ ಮೇಲೆ ತಾನು ಹಾಗೆ ಹೇಳಿದ್ದು ತಪ್ಪು ಅಂತ ಅವರೇ ಬರೆದರು. ಅದನ್ನು ಹಂಚಿಕೊಂಡವರು ಕಡಿಮೆ. ಆ ವರ್ಷ ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಏರಿದ್ದು ಸುಮಾರು ಶೇ. 24.

ಇನ್ನು ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಹೆಸರು. ‘ಬಫೆಟ್ಟೇ ನಗದು ಕೂಡಿಹಾಕಿ ಕೂತಿದ್ದಾರಂತಲ್ಲ’ ಅಂತ ಕೇಳದವರೇ ಇಲ್ಲ. ನಿಜ, 2024ರ ಕೊನೆಗೆ ಅವರ ಬರ್ಕ್‌ಷೈರ್ ಹಾಥವೇ ಕಂಪನಿಯ ಬಳಿ 33,000 ಕೋಟಿ ಡಾಲರ್‌ಗೂ ಜಾಸ್ತಿ ನಗದು ಮತ್ತು ಅಲ್ಪಾವಧಿ ಸರಕಾರಿ ಸಾಲಪತ್ರ ಇತ್ತು. ಆದರೆ ಅದೇ ಹೊತ್ತಿಗೆ ಅದಕ್ಕಿಂತಲೂ ದೊಡ್ಡ ಮೊತ್ತ ಷೇರುಗಳಲ್ಲೂ ಕಂಪನಿಗಳಲ್ಲೂ ಇತ್ತು, ಅದನ್ನು ಯಾರೂ ಹೇಳುವುದಿಲ್ಲ. ಅವರ ಕಷ್ಟವೂ ಬೇರೆ, ಅಷ್ಟು ದೊಡ್ಡ ಮೊತ್ತ ಹಾಕಲು ತಕ್ಕ ಬೆಲೆಗೆ ತಕ್ಕ ಕಂಪನಿ ಸಿಗಬೇಕು. ನಮಗೆ ನಿಮಗೆ ಆ ಕಷ್ಟ ಇಲ್ಲ ಅಲ್ವಾ.

ಮಾತಾಡುವವರು ಎಲ್ಲಿ ಕೂತಿದ್ದಾರೆ ಅಂತಲೂ ಸ್ವಲ್ಪ ನೋಡಿ. ಬಂಗಾರ ಮಾರುವವನಿಗೆ ಪ್ರಳಯ ಬೇಕು. ಫಂಡ್ ಕಂಪನಿಯವನಿಗೆ ನೀವು ಹೂಡಿಕೆ ಮುಂದುವರಿಸಬೇಕು. ಬಿದ್ದರೆ ಲಾಭ ಬರುವಂತೆ ಬಾಜಿ ಕಟ್ಟಿಕೊಂಡವನು ಬೀಳುತ್ತದೆ ಅನ್ನದೆ ಇನ್ನೇನು ಹೇಳಿಯಾನು? ಅವರೆಲ್ಲ ಸುಳ್ಳು ಹೇಳುತ್ತಾರೆ ಅಂತಲ್ಲ, ಅವರವರ ಪಾಲಿಗೆ ನಿಜವೇ ಇರಬಹುದು. ನಿಮ್ಮ ಮಗಳ ಫೀಸು ಯಾವ ತಿಂಗಳು ಕಟ್ಟಬೇಕು ಅಂತ ಅವರ್ಯಾರಿಗೂ ಗೊತ್ತಿಲ್ಲ, ಅಷ್ಟೇ.

ಇನ್ನೊಂದು ಗೊಂದಲ ಇದೆ. ಷೇರು ಮಾರುಕಟ್ಟೆ ಬೀಳುವುದೂ ದೇಶದ ಆರ್ಥಿಕತೆಯೇ ಕುಸಿಯುವುದೂ ಒಂದೇ ಅಂದುಕೊಂಡಿದ್ದೇವೆ. 2022ರಲ್ಲಿ ಶ್ರೀಲಂಕಾದಲ್ಲಿ ಆಯಿತಲ್ಲ, ವಿದೇಶಿ ಸಾಲ ತೀರಿಸಲಾಗದು ಅಂತ ಏಪ್ರಿಲ್‌ನಲ್ಲಿ ಸರಕಾರವೇ ಕೈಚೆಲ್ಲಿತು, ಪೆಟ್ರೋಲಿಗೆ ದಿನಗಟ್ಟಲೆ ಸಾಲು, ಔಷಧಿ ಇಲ್ಲ, ಕರೆಂಟಿಲ್ಲ, ಅದು ಆರ್ಥಿಕ ಕುಸಿತ. ನಮ್ಮ ದೇಶವೂ 1991ರಲ್ಲಿ ಆ ಅಂಚಿಗೆ ಹೋಗಿ ಬಂದಿದೆ. ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಮಾತ್ರ ವಿದೇಶಿ ವಿನಿಮಯ ಉಳಿದಿತ್ತು, ರಿಸರ್ವ್ ಬ್ಯಾಂಕು ಸುಮಾರು 47 ಟನ್ ಬಂಗಾರವನ್ನು ವಿಮಾನದಲ್ಲಿ ಲಂಡನ್ನಿಗೆ ಕಳಿಸಿ ಒತ್ತೆ ಇಟ್ಟಿತು. ಅದಕ್ಕೆ ಹೋಲಿಸಿದರೆ 2020ರ ಮಾರ್ಚ್ 23ರಂದು ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ ಶೇ. 13 ಬಿದ್ದು 26,000ದ ಕೆಳಗೆ ಹೋಗಿದ್ದು ಮಾರುಕಟ್ಟೆಯ ಕುಸಿತ. ಆ ತಿಂಗಳು ವಿದೇಶಿ ಹೂಡಿಕೆದಾರರು ನಮ್ಮ ಷೇರುಗಳಿಂದ 60,000 ಕೋಟಿ ರೂಪಾಯಿಗೂ ಜಾಸ್ತಿ ಎತ್ತಿಕೊಂಡು ಹೋದರು. 2021ರ ಜನವರಿಯಲ್ಲಿ ಅದೇ ಸೆನ್ಸೆಕ್ಸ್ 50,000 ಮುಟ್ಟಿತು. ಮಾರ್ಚ್‌ನಲ್ಲಿ ಹೆದರಿ ಮಾರಿದವರಿಗೆ ಆ ಹತ್ತು ತಿಂಗಳು ಹೇಗಿದ್ದಿರಬೇಡ!

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ, ಪ್ರಪಂಚದ ತೊಂದರೆ ನಮ್ಮ ಜಿಲ್ಲೆಗೂ ಬರುತ್ತದೆ. ಆದರೆ ಅದು ಸೆನ್ಸೆಕ್ಸ್ ದಾರಿ ಹಿಡಿದೇ ಬರಬೇಕು ಅಂತಿಲ್ಲ. ಬೇಲೆಕೇರಿಯನ್ನೇ ನೆನಪು ಮಾಡಿಕೊಳ್ಳಿ. ಚೀನಾದ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕಾಗಿದ್ದ ಕಾಲದಲ್ಲಿ ಬಳ್ಳಾರಿ ಕಡೆಯ ಲಾರಿಗಳು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಹಗಲೂ ರಾತ್ರಿ ಬೇಲೆಕೇರಿ ಬಂದರಿಗೆ ಬರುತ್ತಿದ್ದವು. ರಸ್ತೆ ಬದಿಯ ಮರದ ಎಲೆಯೆಲ್ಲ ಕೆಂಪು. ದಾರಿಯುದ್ದಕ್ಕೂ ಪಂಕ್ಚರ್ ಅಂಗಡಿ, ಗ್ಯಾರೇಜು, ಚಾ ಅಂಗಡಿ. ಸಾಲ ಮಾಡಿ ಲಾರಿ ಕೊಂಡವರು ಎಷ್ಟೋ ಜನ. 2008ರ ಕೊನೆಗೆ ಪ್ರಪಂಚದಲ್ಲಿ ಅದಿರಿನ ಬೆಲೆ ಬಿತ್ತು, ಆಮೇಲೆ ಚೇತರಿಸಿಕೊಂಡಿತು, 2010ರಲ್ಲಿ ಅಕ್ರಮ ಸಾಗಣೆಯ ಗಲಾಟೆಯಾಗಿ ರಾಜ್ಯ ಸರಕಾರ ರಫ್ತನ್ನೇ ನಿಲ್ಲಿಸಿತು. ಮೊದಲನೆಯದು ಮಾರುಕಟ್ಟೆಯ ಪೆಟ್ಟು, ಎರಡನೆಯದು ಕಾನೂನಿನ ಪೆಟ್ಟು. ಲಾರಿಯ ಕಂತಿಗೆ ಮಾತ್ರ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಭಟ್ಕಳದ ಲೆಕ್ಕ ಇನ್ನೂ ವಿಚಿತ್ರ. ದುಬೈ ಸರಕಾರದ ಒಡೆತನದ ದುಬೈ ವರ್ಲ್ಡ್ ಕಂಪನಿ ಸಾಲ ತೀರಿಸಲು ಸಮಯ ಕೊಡಿ ಅಂತ ಕೇಳಿದ್ದು 2009ರ ನವೆಂಬರ್‌ನಲ್ಲಿ. ಆ ಹೊತ್ತಿಗೆ ನಮ್ಮ ಸೆನ್ಸೆಕ್ಸ್ ತಳದಿಂದ ಎದ್ದು ಎರಡು ಪಟ್ಟಾಗಿತ್ತು. ಟಿವಿಯಲ್ಲಿ ಕುಸಿತ ಮುಗಿಯಿತು ಅನ್ನುತ್ತಿದ್ದರೆ ದುಬೈಯಲ್ಲಿ ಅರ್ಧ ಕಟ್ಟಿದ ಕಟ್ಟಡಗಳ ಕೆಲಸ ನಿಂತಿತ್ತು. ಆದ್ದರಿಂದ ಗಲ್ಫ್‌ನಲ್ಲಿ ದುಡಿಯುವವರು ಸೂಚ್ಯಂಕಕ್ಕಿಂತ ತಮ್ಮ ಕಂಪನಿ ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿದೆಯಾ ಅನ್ನುವುದರ ಮೇಲೆ ಕಣ್ಣಿಡುವುದು ಒಳ್ಳೆಯದು.

ಈಗ ಎಲ್ಲರೂ ಹೇಳುವ ಆ ಮಾತು: ‘ಬಿದ್ದರೂ ಮೇಲೆ ಬಂದೇ ಬರುತ್ತದೆ, ತಾಳ್ಮೆ ಇರಲಿ.’ ಇದು ಅರ್ಧ ನಿಜ. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೆ ಹೋಗಿ, 2010ರ ನವೆಂಬರ್‌ನಲ್ಲಿ ಮತ್ತೆ 21,000ಕ್ಕೆ ಬಂತು. ಮೂರು ವರ್ಷವೂ ಪೂರ್ತಿ ಆಗಲಿಲ್ಲ. ಆದರೆ ಜಪಾನ್ ನೋಡಿ. ನಿಕ್ಕೆ ಸೂಚ್ಯಂಕ 1989ರ ಡಿಸೆಂಬರ್ ಕೊನೆಯಲ್ಲಿ 38,915 ಮುಟ್ಟಿತ್ತು. ಅದನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ, 34 ವರ್ಷ ಕಳೆದ ಮೇಲೆ. ಅಮೆರಿಕದ ಡೌ ಜೋನ್ಸ್ 1929ರ ಎತ್ತರಕ್ಕೆ ಮರಳಿದ್ದು 1954ರಲ್ಲಿ. ಇಡೀ ಗಂಟನ್ನು ತುದಿಯಲ್ಲಿ ಒಂದೇ ಸಲ ಹಾಕಿದವನಿಗೆ ತಾಳ್ಮೆಯ ಪಾಠ ಹೇಳಿ ಪ್ರಯೋಜನವಿಲ್ಲ, ಅವನ ಆಯುಷ್ಯವೇ ಸಾಕಾಗುವುದಿಲ್ಲ.

ತಿಂಗಳು ತಿಂಗಳು ಹಾಕುವವನ ಕಥೆ ಬೇರೆ. ನಿಮ್ಮ ಐದು ಸಾವಿರಕ್ಕೆ ಯೂನಿಟ್ (ಫಂಡಿನ ಒಂದು ಪಾಲು) ಬೆಲೆ 100 ಇದ್ದಾಗ 50 ಯೂನಿಟ್ ಬರುತ್ತದೆ. ಬೆಲೆ 40ಕ್ಕೆ ಇಳಿದರೆ ಅದೇ ಐದು ಸಾವಿರಕ್ಕೆ 125. ಮುಂದೆ ಬೆಲೆ ಬರೀ 70ಕ್ಕೆ ಬಂದರೂ ಇಳಿದಾಗ ಕೊಂಡಿದ್ದರ ಮೇಲೆ ನಿಮಗೆ ಲಾಭ, ತುದಿಯಲ್ಲಿ ಕೊಂಡವನು ಇನ್ನೂ ನಷ್ಟದಲ್ಲೇ. ಎಸ್‌ಐಪಿಯ ಅನುಕೂಲ ಇರುವುದೇ ಬಿದ್ದ ತಿಂಗಳುಗಳಲ್ಲಿ, ನಮ್ಮವರು ನಿಲ್ಲಿಸುವುದೂ ಅದೇ ತಿಂಗಳುಗಳಲ್ಲಿ.

ಹಾಗಾಗಿ ‘ಕುಸಿತ ಬರುತ್ತಾ’ ಅಂತ ಕೇಳುವ ಬದಲು ನಾನು ಎಲ್ಲರನ್ನೂ ಕೇಳುವುದು ಇಷ್ಟೇ: ಬಂದ ದಿನ ನೀವು ಮಾರಲೇಬೇಕಾಗುತ್ತದಾ? ಶಿರಸಿಯಲ್ಲಿ ಇದನ್ನು ಬಿಡಿಸಿ ಹೇಳುವುದೇ ಬೇಡ. ಇಬ್ಬರ ತೋಟ ಅಕ್ಕಪಕ್ಕ, ಚಾಲಿಯೂ (ಒಣಗಿಸಿ ಸುಲಿದ ಅಡಕೆ) ಒಂದೇ ಥರದ್ದು. ಒಬ್ಬರಿಗೆ ಮಾರ್ಚ್ ಕೊನೆಯೊಳಗೆ ಬೆಳೆಸಾಲ ತುಂಬಬೇಕು, ಆ ವಾರ ಟೆಂಡರಿನಲ್ಲಿ ಎಷ್ಟು ದರ ಬಂತೋ ಅಷ್ಟಕ್ಕೇ ಕೊಟ್ಟು ಬರುತ್ತಾರೆ. ಇನ್ನೊಬ್ಬರಿಗೆ ಸಾಲದ ಗಡುವಿಲ್ಲ, ಚೀಲ ಹೊಲಿದು ಅಟ್ಟದ ಮೇಲೆ ಹಾಕಿ ದರ ಏರುವವರೆಗೆ ಕಾಯುತ್ತಾರೆ. ಕಾಯಬಲ್ಲವರಿಗೆ ದರ ಬಿದ್ದಿದ್ದು ಬರೀ ಸುದ್ದಿ, ಕಾಯಲಾರದವರಿಗೆ ಅದೇ ನಷ್ಟ. ಅಟ್ಟದ ಮೇಲಿನ ಅಡಕೆಯೂ ಹುಳ ಹಿಡಿಯಬಹುದು, ದರ ಏರದೇ ಇರಬಹುದು, ಅದೂ ನಿಜ. ಆದರೂ ಯಾವಾಗ ಮಾರುವುದು ಅನ್ನುವ ತೀರ್ಮಾನ ಅವರ ಕೈಯಲ್ಲೇ ಇರುತ್ತದೆ.

ಈಗ ನಿಮ್ಮ ವಿಷಯ. ಮಗಳು ಪಿಯುಸಿ ಅಂದರೆ ಒಂದೆರಡು ವರ್ಷದಲ್ಲಿ ಸಿಇಟಿ, ಕೌನ್ಸೆಲಿಂಗ್, ಫೀಸು, ಹಾಸ್ಟೆಲ್ಲು. ಆ ದುಡ್ಡಿಗೆ ಕಾಯುವ ಶಕ್ತಿ ಇಲ್ಲ. ಅದು ಈಗ ಷೇರು ಫಂಡಿನಲ್ಲಿದ್ದರೆ ಮೊದಲ ಎರಡು ವರ್ಷಕ್ಕೆ ಬೇಕಾಗುವಷ್ಟನ್ನು ತೆಗೆದು ಬ್ಯಾಂಕಿನಲ್ಲಿ ಎಫ್‌ಡಿ ಮಾಡಿಬಿಡಿ. ಯಾವ ಅಮೆರಿಕದವರ ಮಾತೂ ಇದಕ್ಕೆ ಬೇಕಾಗಿಲ್ಲ, ಮಾರುಕಟ್ಟೆ ಮೇಲೇರುತ್ತಿದ್ದರೂ ಇದೇ ಸಲಹೆ ಕೊಡುತ್ತಿದ್ದೆ. ಉಳಿದ ದುಡ್ಡು, ಏಳೆಂಟು ವರ್ಷ ಮುಟ್ಟುವುದಿಲ್ಲ ಅನ್ನುವಂಥದ್ದು, ಇದ್ದಲ್ಲೇ ಇರಲಿ, ಎಸ್‌ಐಪಿಯೂ ನಡೆಯಲಿ. ಕೈಸಾಲ ಇದ್ದರೆ ಅಥವಾ ಷೇರು ಕೊಳ್ಳಲೆಂದೇ ಸಾಲ ಮಾಡಿದ್ದರೆ ಅದನ್ನು ಮೊದಲು ತೀರಿಸಿ. ಕೆಟ್ಟ ದರಕ್ಕೆ ಮಾರುವಂತೆ ಮಾಡುವುದು ಯಾವತ್ತೂ ಸಾಲವೇ.

ಬಂಗಾರ ಬೇಡ ಅನ್ನುವುದಿಲ್ಲ. ಆದರೆ ಬಂಗಾರ ಯಾವತ್ತೂ ಇಳಿಯುವುದಿಲ್ಲ ಅನ್ನುವ ನಂಬಿಕೆ ಬಿಡಿ. 2011ರ ಸೆಪ್ಟೆಂಬರ್‌ನಲ್ಲಿ ಒಂದು ಔನ್ಸಿಗೆ 1,900 ಡಾಲರ್ ದಾಟಿದ್ದು 2015ರ ಕೊನೆಗೆ 1,050ರ ಆಸುಪಾಸಿಗೆ ಬಂತು, ಹಳೆಯ ಎತ್ತರ ದಾಟಲು 2020 ಬರಬೇಕಾಯಿತು. ರೂಪಾಯಿಯೂ ಇಳಿಯುತ್ತಿದ್ದರಿಂದ ನಮಗೆ ಅಷ್ಟು ಗೊತ್ತಾಗಲಿಲ್ಲ, ಅಷ್ಟೇ. ಅದರ ಮೇಲೆ ಆಭರಣ ಮಾಡಿಸಿದರೆ ಮಜೂರಿ ಹೋಯಿತು, ಬಂಗಾರದ ಮೇಲೆ ಶೇ. 3 ಜಿಎಸ್‌ಟಿ ಹೋಯಿತು. ಮಗಳ ಮದುವೆಗೆ ಬೇಕು ಅಂದರೆ ಮಾಡಿಸಿ, ಅದು ಬೇರೆ ಲೆಕ್ಕ. ಹೂಡಿಕೆ ಅಂದರೆ ಒಟ್ಟು ದುಡ್ಡಿನಲ್ಲಿ ಹತ್ತನೇ ಒಂದು ಪಾಲು ಬಂಗಾರ ಇದ್ದರೆ ನನ್ನ ಪ್ರಕಾರ ಸಾಕು.

ಕೊನೆಗೆ ಸೊಸೈಟಿ ಠೇವಣಿ. ಅಮೆರಿಕಕ್ಕಿಂತ ನನಗೆ ಇದರದ್ದೇ ಚಿಂತೆ ಜಾಸ್ತಿ, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಜನ ಬ್ಯಾಂಕು ಅಂತಲೇ ತಿಳಿದು ಸೊಸೈಟಿಯಲ್ಲಿ ಇಡುತ್ತಾರೆ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆ ಇದೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ. 2020ರ ಫೆಬ್ರವರಿಗೆ ಮುಂಚೆ ಅದು ಒಂದೇ ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ. ಪ್ರಾಥಮಿಕ ಸಹಕಾರಿ ಸಂಘಗಳಿಗೆ, ಊರೂರಲ್ಲಿ ಕಾಣುವ ಪತ್ತಿನ ಸಂಘಗಳಿಗೆ ಇಲ್ಲ. ಚೆನ್ನಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ, ಬೆಳೆಗಾರರ ಬೆನ್ನೆಲುಬೇ ಅವು, ಎಲ್ಲವನ್ನೂ ಅನುಮಾನಿಸಬೇಡಿ. ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ ಅಂತ ಇಡೀ ಗಂಟನ್ನು ಒಂದೇ ಕಡೆ ಇಡಬೇಡಿ, ಅಷ್ಟೇ. ಇಡುವ ಮುಂಚೆ ಸಂಘದ ವಾರ್ಷಿಕ ವರದಿ ಪುಸ್ತಕ ತೆಗೆದುಕೊಂಡು ಎರಡು ವಿಷಯ ನೋಡಿ: ಕಟಬಾಕಿ ಸಾಲ ಎಷ್ಟು, ಆಡಿಟ್‌ನಲ್ಲಿ ಯಾವ ವರ್ಗ ಸಿಕ್ಕಿದೆ. ಈಗಾಗಲೇ ಸದಸ್ಯರಾಗಿದ್ದರೆ ಸೆಪ್ಟೆಂಬರ್‌ನ ವಾರ್ಷಿಕ ಸಭೆಗೆ ಊಟದ ಹೊತ್ತಿಗೆ ಹೋಗುವ ಬದಲು, ಲೆಕ್ಕಪತ್ರ ಓದುವ ಹೊತ್ತಿಗೇ ಹೋಗಿ ಕೂತುಕೊಳ್ಳಿ.